ಕರೆದಳೋ, ಕರೆಯಲಿಲ್ಲವೋ

ಕಳೆದ ಶನಿವಾರದಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ. ಹೊಲಿಗೆ ಮಷೀನಿನ ಅಂಗಡಿಯಾಕೆ ಅವ್ವನನ್ನು ವಾಪಸ್ ಕರೆದಳು ಅನ್ನುವುದು ಒಂದು ಪಕ್ಷ, ಕರೆಯಲೇ ಇಲ್ಲ ಅನ್ನುವುದು ಇನ್ನೊಂದು. ಮೊದಲನೆಯ ಪಕ್ಷದಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಆದರೂ ಬಹುಮತ ಅವಳದೇ.

ನಾವಿರುವುದು ಟೆಕ್ಸಾಸಿನ ಪ್ಲೇನೋದಲ್ಲಿ. ಚನ್ನಗಿರಿಯಿಂದ ನನ್ನ ಅಪ್ಪ-ಅವ್ವ, ಜಗಳೂರಿನಿಂದ ಅತ್ತೆ, ಮೂವರನ್ನೂ ಒಂದೇ ಬೇಸಿಗೆಗೆ ಕರೆಸಿದ್ದು ನನ್ನ ಗಂಡನ ಪರಾಕ್ರಮ. ಟಿಕೆಟ್ ಅಗ್ಗಕ್ಕೆ ಸಿಕ್ಕಿತಂತೆ. ಬೀಗಿತ್ತಿಯರಿಬ್ಬರಿಗೂ ಒಂದೇ ಅಡುಗೆಮನೆ ಕೊಟ್ಟ ಮನುಷ್ಯ ಅಗ್ಗದ ಮಾತಾಡಬಾರದು. ಅವರಿಬ್ಬರೂ ಜಗಳ ಆಡುವುದು ಬಹಳ ಮರ್ಯಾದೆಯಿಂದ. "ಅಕ್ಕಾರೆ, ಒಗ್ಗರಣೆ ನೀವೇ ಹಾಕ್ರಿ." "ಅಯ್ಯೋ, ನೀವಿರೋವಾಗ ನಾನ್ಯಾಕೆ, ನೀವೇ ಹಾಕ್ರಿ." ಇಷ್ಟು ಹೊತ್ತಿಗೆ ಎಣ್ಣೆ ಹೊಗೆಯಾಡಿ ಸ್ಮೋಕ್ ಅಲಾರ್ಮ್ ಹೊಡೆದುಕೊಳ್ಳುತ್ತಿರುತ್ತದೆ.

1997ರ ಆಗಸ್ಟ್ 15ರವರೆಗೆ ಇವರು ಬೇರೆ ಬೇರೆ ಜಿಲ್ಲೆಯವರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಎಲ್ಲರನ್ನೂ ಒಟ್ಟು ಹಾಕಿ ದಾವಣಗೆರೆ ಜಿಲ್ಲೆ ಮಾಡಿದರು. ಜಿಲ್ಲೆ ಒಂದಾಯಿತು, ಚೌಕಾಸಿ ಒಂದಾಗಲಿಲ್ಲ. ಚನ್ನಗಿರಿಯದು ಅಡಿಕೆ ವ್ಯಾಪಾರದ ಚೌಕಾಸಿ. ಬಾಯಿ ಜೋರು, ಸಿಟ್ಟು ಸುಳ್ಳು, ನಡುವೆ ಒಮ್ಮೆ ಎದ್ದು ಹೋಗುವುದು ಕಡ್ಡಾಯ. ಜಗಳೂರಿನದು ಮಳೆಗೆ ಕಾದು ಕಾದು ಕಲಿತ ಚೌಕಾಸಿ. ಅದರಲ್ಲಿ ಮಾತೇ ಇಲ್ಲ. ಅತ್ತೆ ಒಂದು ಸಾಮಾನಿನ ಮುಂದೆ ನಿಂತರೆ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿ ನಿಂತ ಹಾಗೆ, ಕಣ್ಣೂ ಮಿಟುಕಿಸುವುದಿಲ್ಲ. ಕೊನೆಗೆ ಅಂಗಡಿಯವರೇ ಗಾಬರಿಯಾಗಿ ರೇಟು ಇಳಿಸಬೇಕು.

ಇನ್ನು ಅಪ್ಪ. ಹುಟ್ಟೂರು ನ್ಯಾಮತಿ. ಯಾರಾದರೂ ಬಾಯಿತಪ್ಪಿ "ಹೊನ್ನಾಳಿ ತಾಲ್ಲೂಕಿನ ನ್ಯಾಮತಿ" ಅಂದರೆ ಊಟ ಬಿಟ್ಟು ಎದ್ದಾರು. ನ್ಯಾಮತಿ ಈಗ ಸ್ವಂತ ತಾಲ್ಲೂಕು. ನಿವೃತ್ತ ಹೈಸ್ಕೂಲು ಮೇಷ್ಟ್ರು. ಚೌಕಾಸಿ ಮಾಡುವುದು ಅವರ ಅಂತಸ್ತಿಗೆ ಕಡಿಮೆ. ಬಿಲ್ಲು ಕೈಗೆ ಬಂದ ಮೇಲೆ ಮಾತ್ರ ಅವರೊಳಗಿನ ಮೇಷ್ಟ್ರು ಎದ್ದು ಕೂರುತ್ತಾರೆ.

ಎಲ್ಲಕ್ಕೂ ಮೂಲ ನನ್ನ ಬ್ಲೌಸು. ಸಂಘದ ಕಾರ್ಯಕ್ರಮ ಹತ್ತಿರ ಬಂತೆಂದು ಎರಡು ಬ್ಲೌಸಿನ ಪಕ್ಕದ ಹೊಲಿಗೆ ಬಿಚ್ಚಿಸಿ ತಂದಿದ್ದೆ. ಎಷ್ಟು ಕೊಟ್ಟೆ ಅಂತ ಅವ್ವ ಕೇಳಿದಳು, ಹೇಳಿದೆ. ಅವ್ವ ಡಾಲರನ್ನು ರೂಪಾಯಿ ಮಾಡಿಕೊಳ್ಳುವ ಗೋಜಿಗೆ ಹೋಗುವುದಿಲ್ಲ, ನೇರ ಅಡಿಕೆಗೆ ಇಳಿಯುತ್ತಾಳೆ. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ಮೇಲಂತೂ ಜಗತ್ತಿನ ಯಾವ ಲೆಕ್ಕವೂ ಅವಳಿಗೆ ಕಷ್ಟವಿಲ್ಲ. "ಹತ್ತು ಕೇಜಿ ಅಡಿಕೆ ಕೊಟ್ಟು ಪಕ್ಕ ಬಿಡಿಸ್ಕಂಡು ಬಂದೀಯಲ್ಲೇ! ಮಷೀನ್ ತಗಳೇ ನನಗೆ."

ಇಲ್ಲಿ ಒಳ್ಳೆ ಮಷೀನುಗಳಲ್ಲಿ ಎಷ್ಟೋ ಡೀಲರುಗಳ ಹತ್ತಿರವೇ ಸಿಗುವುದು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಚಿತ್ರ ಇರುತ್ತದೆ, ರೇಟು ಇರುವುದಿಲ್ಲ, ಅಂಗಡಿಗೆ ಬಂದು ವಿಚಾರಿಸಿ ಅಂತಿರುತ್ತದೆ. ಅವ್ವನ ಮುಖ ಅರಳಿತು. "ರೇಟ್ ಬರ್ದಿಲ್ಲ ಅಂದ್ರೆ ನನ್ನನ್ನೇ ಕರೀತಿದಾರೆ ಅಂತ."

ಹೋದೆವು. ಅಂಗಡಿಯಾಕೆ ಅವ್ವನ ವಯಸ್ಸಿನವಳೇ, ಕನ್ನಡಕ ಸರಪಳಿಯಲ್ಲಿ ನೇತಾಡುತ್ತಿತ್ತು. ಮೊದಲು ನನ್ನೊಬ್ಬಳ ಹತ್ತಿರವೇ ಮಾತಾಡುತ್ತಿದ್ದಳು. ಅವ್ವ ಚೀಲದಿಂದ ಒಂದೊಂದೇ ತೆಗೆದಿಟ್ಟಳು. ಮೊಮ್ಮಗಳ ಹರಿದ ಜೀನ್ಸಿನ ತುಂಡು, ತೆಳ್ಳನೆಯ ಮಲ್‌ಮಲ್ ಬಟ್ಟೆ, ಒಂದು ಖಣ, ಜೊತೆಗೆ ಊರಿಂದ ತಂದ ದಾರದ ಉಂಡೆ. ಅಂಗಡಿಯವರು ಇಟ್ಟಿರುವ ಗರಿಗರಿ ಬಟ್ಟೆಯ ಮೇಲೆ ಯಾವ ಮಷೀನು ಬೇಕಾದರೂ ಚೆನ್ನಾಗಿ ಹೊಲಿಯುತ್ತದಂತೆ. ಜೀನ್ಸನ್ನು ನಾಲ್ಕು ಮಡಿಕೆ ಮಾಡಿ ಸೂಜಿಯಡಿ ತಳ್ಳಿದಳು. ಮೇಲಿನ ಹೊಲಿಗೆ ನೋಡಲೇ ಇಲ್ಲ, ಬಟ್ಟೆ ಮಗುಚಿ ಅಡಿಯ ಹೊಲಿಗೆಯನ್ನು ಉಗುರಿನಿಂದ ಕೆರೆದಳು. ಮಲ್‌ಮಲ್ ಸುಕ್ಕುಗಟ್ಟಿತು. ಯಾರನ್ನೂ ಕೇಳದೆ ಟೆನ್ಷನ್ ಒಂದು ಎಳೆ ಸಡಿಲಿಸಿದಳು, ಸುಕ್ಕು ಹೋಯಿತು. ಬಾಬಿನ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ, "ಪ್ಲಾಸ್ಟಿಕ್ಕು" ಎಂದು ಮೂಗು ಮುರಿದಳು. ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು, ಕುರ್ಚಿಯನ್ನು ನನ್ನ ಕಡೆಯಿಂದ ಅವ್ವನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ನನ್ನನ್ನು ಅಲ್ಲಿ ಯಾರೂ ಕೇಳಲಿಲ್ಲ.

ಹಳೆ ಮಷೀನಿದ್ದರೆ ಕೊಡಿ, ಅದರ ಬೆಲೆ ಇದರಲ್ಲಿ ಕಳೆಯುತ್ತೇನೆ ಅಂದಳು. ಅವ್ವನಿಗೆ ಖುಷಿಯೋ ಖುಷಿ. ಫೋನ್ ತೆಗೆದು ಚನ್ನಗಿರಿ ಮನೆಯ ಉಷಾ ಮಷೀನಿನ ಫೋಟೋ ತೋರಿಸಿದಳು. ಕಾಲಲ್ಲಿ ತುಳಿಯುವ ಕಪ್ಪು ಮಷೀನು. ಅಪ್ಪ ದಾವಣಗೆರೆಯಿಂದ ಕಂತಿನ ಮೇಲೆ ತಂದದ್ದು. ನನ್ನ ಅಂಗನವಾಡಿಯ ಲಂಗದಿಂದ ಕಾಲೇಜಿನ ಚೂಡಿದಾರದವರೆಗೆ ಎಲ್ಲ ಅದರಲ್ಲೇ ಆದದ್ದು. ಚಿನ್ನದ ಬಣ್ಣದ ಹೆಸರಿನಲ್ಲಿ ಈಗ ಮೊದಲ ಅಕ್ಷರ ಒಂದೇ ಉಳಿದಿದೆ. ಅದನ್ನು ಇಲ್ಲಿಗೆ ತರುವುದು ಹೇಗೆ ಎಂಬ ಸಣ್ಣ ತೊಡಕನ್ನು ಅವ್ವ ಬದಿಗಿಟ್ಟು, "ಎಷ್ಟು ಕೊಡ್ತಾಳೆ ಕೇಳು" ಅಂದಳು.

ಆಗ ಅಪ್ಪ ಬಾಯಿ ಬಿಟ್ಟರು. ಕಂತಿನಲ್ಲಿ ಮಷೀನು ಮಾರುವುದನ್ನೂ ಹಳೇದು ತಗೊಂಡು ಹೊಸದು ಕೊಡುವುದನ್ನೂ 1856ರಲ್ಲಿ ಇದೇ ಅಮೆರಿಕದಲ್ಲಿ ಶುರು ಮಾಡಿದವನು ಸಿಂಗರ್ ಕಂಪನಿಯ ಪಾಲುದಾರ, ವಕೀಲ ಎಡ್ವರ್ಡ್ ಕ್ಲಾರ್ಕ್. ಹಳೆಯದಕ್ಕೆ 50 ಡಾಲರ್ ಕೊಟ್ಟು, ಮತ್ತೆ ಯಾರೂ ಅದನ್ನು ಮಾರಿಕೊಳ್ಳಬಾರದೆಂದು ಒಡೆದು ಹಾಕಿಸುತ್ತಿದ್ದ, ಅಂತ. "ಒಡೀತಾರಾ?" ಅವ್ವ ಫೋನನ್ನು ಥಟ್ಟನೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಅಪ್ಪ ಮುಂದುವರಿದು, ಯಂತ್ರಗಳನ್ನೆಲ್ಲ ಬೈದ ಗಾಂಧೀಜಿ 1924ರಲ್ಲಿ ಸಿಂಗರ್ ಮಷೀನಿಗೆ ಮಾತ್ರ ವಿನಾಯಿತಿ ಕೊಟ್ಟದ್ದನ್ನು ಅಂಗಡಿಯಾಕೆಗೆ ವಿವರಿಸಿದರು. ಅವಳು ಪಾಪ, "ವಾವ್" ಅಂದಳು. ಅಪ್ಪನ ಸರ್ವೀಸಿನಲ್ಲಿ ಯಾವ ವಿದ್ಯಾರ್ಥಿಯೂ ಹಾಗೆ ಅಂದಿರಲಿಕ್ಕಿಲ್ಲ.

ಈಗ ರೇಟು. ಚೀಟಿಯಲ್ಲಿ 1,499 ಅಂತ ಬರೆದು ಗೀಟು ಹಾಕಿ, ಕೆಳಗೆ 899 ಬರೆದಿತ್ತು. "ಹೊಡೆದುಹಾಕಿದ್ದು ಯಾರಿಗೆ ಇಟ್ಟಿದ್ದ ರೇಟು, ಕೇಳು" ಅಂದಳು ಅವ್ವ. ದುಭಾಷಿ ಕೆಲಸ ನನ್ನ ಮಗಳದ್ದು. ಆರನೇ ಕ್ಲಾಸು, ಅಂಗಡಿಯಲ್ಲಿ ಯಾರಾದರೂ ಕೂಪನ್ ತೆಗೆದರೂ ನಾಚಿ ಅಂಗಿಯ ಟೋಪಿಯೊಳಗೆ ಮುಖ ಹುದುಗಿಸುವ ಜಾತಿ. "ಐನೂರಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ, ಇದೇನು ಹಗಲು ದರೋಡೆನಾ ಅಂತ ಹೇಳು" ಎಂದು ಅಜ್ಜಿ ಗುಡುಗಿದರೆ, ಮೊಮ್ಮಗಳು ಇಂಗ್ಲಿಷಿನಲ್ಲಿ, ನಮ್ಮಜ್ಜಿಗೆ ಈ ಮಷೀನು ತುಂಬ ಇಷ್ಟವಾಗಿದೆ ಅಂದಳು. ಅಂಗಡಿಯಾಕೆ ಅವ್ವನಿಗೆ ಥ್ಯಾಂಕ್ಸ್ ಹೇಳಿದಳು. ಐನೂರಕ್ಕೆ ನಗುತ್ತಿದ್ದಾಳಲ್ಲ, ಗಿಟ್ಟುತ್ತದೆ ಎಂದು ಅವ್ವ ನಾನೂರೈವತ್ತಕ್ಕಿಳಿದಳು.

ಅಲ್ಲಿಂದ ಕೆಲಸ ಸಾಗಲಿಲ್ಲ. ಅವ್ವ ಎದ್ದಳು. ಈ ಏಳುವುದರಲ್ಲಿ ಎಷ್ಟು ಕಸುಬು ಇದೆ ಅಂತ ಚನ್ನಗಿರಿಯವರಿಗೆ ಹೇಳಬೇಕಿಲ್ಲ. ಸೆರಗು ಹೊದೆಯಬೇಕು. ಚೀಲ ಹೆಗಲಿಗೇರಬೇಕು. ಸಾಮಾನಿನ ಕಡೆ ಒಂದು ಕನಿಕರದ ನೋಟ. ಆಮೇಲೆ ಬಾಗಿಲ ಕಡೆಗೆ ನಡಿಗೆ. ಜೋರಾಗಿ ನಡೆದರೆ ಕರೆಯಲು ಅವಕಾಶ ಸಿಗುವುದಿಲ್ಲ, ನಿಧಾನವಾದರೆ ಬಂಡವಾಳ ಬಯಲು. ಹೊಸಿಲು ದಾಟುವ ಮುಂಚೆ ಹಿಂದಿನಿಂದ "ಬರ್ರೀ ಅಕ್ಕಾ, ಎಲ್ಲಿಗೆ ಹೊರಟ್ರಿ, ಕೂತ್ಕಳ್ರೀ" ಕೇಳಿಸಬೇಕು. ಅವ್ವನ ಜೀವಮಾನದಲ್ಲಿ ಕೇಳಿಸದೆ ಹೋದದ್ದಿಲ್ಲ.

ಹಿಂದಿನಿಂದ ಕೇಳಿಸಿದ್ದು, "ಹ್ಯಾವ್ ಎ ವಂಡರ್‌ಫುಲ್ ಡೇ!"

ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಹೊರಗೆ 40 ಡಿಗ್ರಿ ಬಿಸಿಲು. ಅವ್ವ ಪಾರ್ಕಿಂಗ್ ಜಾಗದಲ್ಲಿ, ಗಾಜಿನಿಂದ ಚೆನ್ನಾಗಿ ಕಾಣುವ ಕಡೆ ನೋಡಿ ನಿಂತಳು. ಗಾಲಿಕುರ್ಚಿಯ ಚಿತ್ರವಿದ್ದ ಬೋರ್ಡನ್ನು ಶಾಸನ ಓದುವ ಗಾಂಭೀರ್ಯದಲ್ಲಿ ಓದಿದಳು. ಅದು ಮುಗಿದ ಮೇಲೆ ಪಕ್ಕದ ಹಾಸಿಗೆ ಅಂಗಡಿಯ ಕಿಟಕಿಗೆ ಹೋಗಿ, ದುಡ್ಡು ಅಲ್ಲೇ ಸುರಿಯುವವಳ ಠೀವಿಯಿಂದ ಇಣುಕಿದಳು. ಹೊಟ್ಟೆಕಿಚ್ಚು ಬರಲಿ ಅಂತ. ಅಪ್ಪ ಕಾರಿನೊಳಗೆ ಎಸಿ ಹಾಕಿಸಿಕೊಂಡು ಕೂತಿದ್ದರು.

"ಅವ್ವಾ, ಇಲ್ಲಿ ಹಂಗೆಲ್ಲ ಕರೆಯಲ್ಲ ಕಣೆ. ಬಾ."

"ಕರೀದೆ ಹೆಂಗೆ ಬರ್ಲಿ? ಮಾನ ಇಲ್ವಾ?"

"ಹಂಗಾದ್ರೆ ಕಾರಾದ್ರೂ ಹತ್ತು."

"ಕಾರಲ್ಲಿ ಕೂತ್ರೆ ಅವಳು ಕರ್ದಾಗ ಕೇಳ್ಬೇಕಲ್ಲ!"

ಬೆವರು ಕುಂಕುಮಕ್ಕೆ ಇಳಿದಿತ್ತು. ನಗು ತಡೆಯಲಾಗದೆ ನಾನು ಇನ್ನೊಂದು ಕಡೆ ತಿರುಗಿದೆ. ನನಗೆ ಯೂನಿಫಾರಂ ಬಟ್ಟೆ ಕೊಳ್ಳುವಾಗಲೂ ಹೀಗೇ ಎದ್ದು ಹೋಗುತ್ತಿದ್ದಳು. ಮೀಟರಿಗೆ ಉಳಿದ ಎರಡೆರಡು ರೂಪಾಯಿಯಲ್ಲಿ ಬಸ್ ಚಾರ್ಜು ಆಗುತ್ತಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಂಗಡಿಯಾಕೆ ಅವ್ವ ಬಿಟ್ಟುಬಂದಿದ್ದ ಖಣವನ್ನು ಬೀಸುತ್ತ, "ಮ್ಯಾಮ್! ಮ್ಯಾಮ್!" ಎಂದು ಓಡಿ ಬಂದಳು.

ಅವ್ವ ಪೂರ್ತಿ ತಿರುಗಲಿಲ್ಲ. ಕತ್ತು ಮಾತ್ರ, ಅದೂ ಕಾಲು ಭಾಗ. "ನೋಡಿದ್ಯಾ?" ಅಂದಳು. ಖಣ ಇಸಿದುಕೊಂಡು, ಅಂಗಡಿಯಾಕೆಯ ಪಕ್ಕದಿಂದ ಹಾದು, ಆಕೆಗಿಂತ ಮುಂಚೆ ಒಳಗೆ ಹೋಗಿ ಕೂತಳು.

ಒಳಗೆ ವ್ಯಾಪಾರ ಮುಗಿದಿತ್ತು. ಅತ್ತೆ ನಿಂತಲ್ಲೇ ನಿಂತಿದ್ದರಂತೆ. ಅಂಗಡಿಯಾಕೆ ನೀರು ಕೊಟ್ಟಳಂತೆ, ಕುರ್ಚಿ ಕೊಟ್ಟಳಂತೆ, ಇವರು ಅಲ್ಲಾಡಲಿಲ್ಲ. ಆಗ, ಇದು ಗಿರಾಕಿಗಳಿಗೆ ಓಡಿಸಿ ತೋರಿಸುವ ಮಷೀನು, ಬೇಕಾದರೆ 799ಕ್ಕೆ ಕೊಡುತ್ತೇನೆ ಅಂದಳು. ಆಮೇಲೆ ತಾನಾಗಿ ಹತ್ತು ಬಾಬಿನ್, ಕತ್ತರಿ, ಕಾಜ ಹೊಲಿಯುವ ಪಾದ, ಮೊದಲ ಸರ್ವೀಸು ಪುಕ್ಕಟೆ. ಇಲ್ಲಿ ಸರ್ವೀಸಿಗೇ ನೂರು ಡಾಲರಿನ ಮೇಲಾಗುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳದವರು ಅಳುತ್ತಾರೆ. ಅತ್ತೆ ಒಂದು ಮಾತೂ ಆಡಿರಲಿಲ್ಲ.

ಬಿಲ್ಲಾಗುವಾಗ ಮೇಲೆ 8.25 ಪರ್ಸೆಂಟ್ ತೆರಿಗೆ ಬಿತ್ತು, ಅಪ್ಪ ಎದ್ದು ಕೂತರು. ಮಾತು ಮುಗಿದ ಮೇಲೆ ತೆರಿಗೆ ಸೇರಿಸುವುದು ಯಾವ ಧರ್ಮ, ನಮ್ಮಲ್ಲಿ 2025ರ ಸೆಪ್ಟೆಂಬರಿನಲ್ಲಿ ಹೊಲಿಗೆ ಮಷೀನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಅದೂ ಎಂಆರ್‌ಪಿ ಒಳಗೇ, ಅಂತ. ಮೊಮ್ಮಗಳು ಅದನ್ನು ಅನುವಾದಿಸಲು ಸಿಗಲಿಲ್ಲ. ಟೋಪಿಯೊಳಗೆ ಇದ್ದಳು.

ಮನೆಗೆ ಬಂದಾಗಿನಿಂದ ಕದನ. ತಾನು ಹೊರಗೆ ಹೋದ್ದರಿಂದಲೇ ಅವಳು ಸೋತು ಕರೆದಳು ಅಂತ ಅವ್ವ. "ಅಜ್ಜಿ, ಷಿ ಜಸ್ಟ್ ಬಟ್ಟೆ ಕೊಡಕ್ಕೆ ಬಂದ್ಲು" ಅಂತ ಮಗಳು. "ನಿಂಗೆ ಕನ್ನಡ ಸರಿಯಾಗಿ ತಿಳಿಯಲ್ಲ, ಸುಮ್ನಿರು" ಅಂತ ಅವ್ವ. ಅತ್ತೆ ಮಾತ್ರ ಚಪಾತಿ ಲಟ್ಟಿಸುತ್ತ, "ಇರಬೌದು ಬಿಡ್ರಿ ಅಕ್ಕಾರೆ" ಅನ್ನುತ್ತಾರೆ. ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ಅವ್ವ ಸಹಿಸುತ್ತಿದ್ದಳು.

ನಿಜ ಸಂಗತಿ ಅತ್ತೆ ನನಗೆ ರಾತ್ರಿ ಹೇಳಿದರು. ಮಷೀನನ್ನು ಅವರು ನೋಡಿಯೇ ಇರಲಿಲ್ಲ. ಅದರ ಹಿಂದಿನ ಗೋಡೆಗೆ ಬಟ್ಟೆ ತುಂಡುಗಳ ಹೊದಿಕೆಯೊಂದನ್ನು ನೇತುಹಾಕಿದ್ದರು. "ಕೌದಿ ಕಣವ್ವ. ನಮ್ಮವ್ವ ಹಳೇ ಸೀರೆ ಸೇರಿಸಿ ಹೊಲೀತಿದ್ದದ್ದು. ಅದರ ಮೂಲೇಲಿ ಒಂದು ಸಾಲು ದಾರ ತಪ್ಪೈತೆ, ಎಲ್ಲಿಂದ ತಪ್ಪಿದ್ದು ಅಂತ ಹುಡುಕ್ತಾ ನಿಂತಿದ್ದೆ. ಯಾರಿಗೂ ಹೇಳ್ಬ್ಯಾಡ." ಅವರ ಪೆಟ್ಟಿಗೆಯ ತಳದಲ್ಲಿ ಮೊಮ್ಮಗಳ ಕೌದಿಗೆಂದು ತಂದ ಹಳೇ ಸೀರೆಗಳಿವೆ. ಹೊಲಿಗೆ ಅವರಿಗೆ ಬರುವುದಿಲ್ಲ. ಹೊಲಿದುಕೊಡಿ ಎಂದು ಬೀಗಿತ್ತಿಯನ್ನು ಕೇಳಲು ಸಂಕೋಚ.

ನಿನ್ನೆ ಹೊನ್ನಾಳಿಯಿಂದ ಸೋದರಮಾವನ ವಾಯ್ಸ್ ಮೆಸೇಜು ಬಂತು. ಅವ್ವ ಹೆಮ್ಮೆಯಿಂದ ಸ್ಪೀಕರಿಗೆ ಹಾಕಿದಳು. "ಅಲ್ಲಕ್ಕಾ, ಒಂದೂವರೆ ಕ್ವಿಂಟಲ್ ಅಡಿಕೆ ದುಡ್ಡು ಕೊಟ್ಟು ಒಂದು ಮಷೀನಾ? ಅಷ್ಟಕ್ಕೆ ನಮ್ ಹೊನ್ನಾಳೀಲಿ ಸ್ಟ್ಯಾಂಡ್ ಸಮೇತ ಎಂಟು ತಂದು ಮನೆ ಮುಂದೆ ಇಳಿಸ್ತಾರೆ. ಟೈಲರಿಂಗ್ ಕ್ಲಾಸೇ ತೆಗೀಬೋದಿತ್ತು. ಚೆನ್ನಾಗಿ ಟೋಪಿ ಹಾಕ್ಯಾಳೆ ನಿಮಗೆ."

ಅಡುಗೆಮನೆ ಒಂದು ಗಳಿಗೆ ಸ್ತಬ್ಧ. ಮೊದಲು ಮಾತಾಡಿದ್ದು ಅತ್ತೆ. "ಹೊಳೆ ನೀರು ಕುಡದೋರಿಗೆ ರೇಟ್ ಏನು ಗೊತ್ತಾತೈತೆ ಬಿಡ್ರಿ ಅಕ್ಕಾರೆ. ನೀವು ಬಿಸಿಲಾಗೆ ನಿಂತಿದ್ದಕ್ಕೇ ಅವಳು ಓಡಿ ಬಂದಿದ್ದು." ಅಪ್ಪ ಸೋಫಾದಿಂದಲೇ, ಅದಕ್ಕೇ ನ್ಯಾಮತಿಯವರು ಬೇರೆ ತಾಲ್ಲೂಕು ಕೇಳಿದ್ದು ಅಂದರು. ಅವ್ವ ಫೋನನ್ನು ಮಗುಚಿಟ್ಟು ಅತ್ತೆಯ ಪಕ್ಕ ಕುರ್ಚಿ ಎಳೆದುಕೊಂಡಳು.

"ಅಕ್ಕಾರೆ, ಆ ಹಾಸಿಗೆ ಅಂಗಡೀಲೂ ರೇಟ್ ಬರ್ದಿರ್ಲಿಲ್ಲ, ನೋಡಿದ್ರಾ?"