ಬೀಗರಿಗೆ ಗೊತ್ತು, ಇಲಾಖೆಗೆ ಹೇಳಿಲ್ಲ

ಬೆಂಗಳೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರವೆಂದರೆ ಈಗ ಉಪ್ಪಿಟ್ಟು, ಕೇಸರಿಬಾತ್ ಮುಗಿಯುವ ಮೊದಲೇ ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಳ್ಳುತ್ತಾರೆ. “ಸಂಬಳ ಬಿಡಿ, ಅದು ಎಲ್ಲರಿಗೂ ಬರತ್ತೆ. ನಮ್ಮ ಹುಡುಗನಿಗೆ ಅಮೆರಿಕದ ಕಂಪನಿ ಷೇರೇ ಕೊಟ್ಟಿದೆ!” ಹುಡುಗ ನಾಚುತ್ತಾನೆ. ಹುಡುಗಿಯ ತಂದೆ ಮನಸ್ಸಿನಲ್ಲೇ ಡಾಲರನ್ನು ರೂಪಾಯಿಗೆ ಗುಣಿಸುತ್ತಾರೆ. ಸಂಜೆಯೊಳಗೆ ಆ ಷೇರಿನ ಲೆಕ್ಕ ಜಯನಗರದಿಂದ ಮಲ್ಲೇಶ್ವರದವರೆಗೆ ಹಬ್ಬಿರುತ್ತದೆ. ಗೊತ್ತಿಲ್ಲದಿರುವುದು ಆದಾಯ ತೆರಿಗೆ ಇಲಾಖೆಗೆ ಮಾತ್ರ.

ಹಾಗಂತ ಹುಡುಗ ಅಂದುಕೊಂಡಿದ್ದಾನೆ, ಪಾಪ.

ಇಲಾಖೆಗೆ ಬೀಗರಿಗಿಂತ ಚೆನ್ನಾಗಿ ಗೊತ್ತು. ಭಾರತ–ಅಮೆರಿಕ ನಡುವೆ ಖಾತೆಗಳ ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಆಗಿದ್ದು 2015ರಲ್ಲಿ. ಉಳಿದ ಹತ್ತಾರು ದೇಶಗಳು 2017ರಿಂದ ವರ್ಷ ವರ್ಷ ತಾವಾಗಿಯೇ ಪಟ್ಟಿ ಕಳಿಸುತ್ತಿವೆ. ಒಂದು ಕಾಲಕ್ಕೆ ಬಾಯೇ ಬಿಡದಿದ್ದ ಸ್ವಿಟ್ಜರ್ಲೆಂಡ್ ಕೂಡ 2019ರಿಂದ ಆ ಸಾಲಿನಲ್ಲಿ ನಿಂತಿದೆ. ಸ್ವಿಸ್ ಬ್ಯಾಂಕೇ ಹೇಳಿಬಿಡುವ ಕಾಲದಲ್ಲಿ ಬೆಳ್ಳಂದೂರಿನ ಸಾಫ್ಟ್‌ವೇರ್ ಎಂಜಿನಿಯರ್ ಮುಚ್ಚಿಡುವುದಾದರೂ ಏನನ್ನು?

ಇವನೇನೂ ಕಳ್ಳನಲ್ಲ. ಕೇಳಿದರೆ ಉತ್ತರ ಸಿದ್ಧವಿದೆ. “ಷೇರು ಕೈಗೆ ಬಂದಾಗಲೇ ಸಂಬಳದ ಜೊತೆ ಟ್ಯಾಕ್ಸ್ ಹಿಡಿದಿದ್ದಾರಲ್ಲ ಸಾರ್?” ನಿಜ. “ಡಿವಿಡೆಂಡ್ ಮೇಲೆ ಅಮೆರಿಕದವನೇ ನೂರಕ್ಕೆ 25 ಕಿತ್ಕೊಂಡಿದ್ದಾನೆ!” ಅದೂ ನಿಜ. ಆದರೆ ಆ ಡಿವಿಡೆಂಡನ್ನು ಇಲ್ಲಿನ ಆದಾಯದಲ್ಲೂ ತೋರಿಸಿ, ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಬೇಕು. ಇನ್ನು ಷೇರಿಂದ ಬಿಡಿಗಾಸು ಬರದಿದ್ದರೂ, ಅದು ಇದೆ ಎಂಬುದನ್ನು ರಿಟರ್ನಿನ ‘ಶೆಡ್ಯೂಲ್ ಎಫ್‌ಎ’ಯಲ್ಲಿ ಬರೆಯಲೇಬೇಕು. ಇಲ್ಲಿ ಹುಡುಗನ ಮುಖ ಬಾಡುತ್ತದೆ.

ಆ ಶೆಡ್ಯೂಲನ್ನು ಮಾಡಿದವರು ಯಾರೋ, ಅವರಿಗೆ ದೊಡ್ಡ ನಮಸ್ಕಾರ. ರಿಟರ್ನ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಈ ಪಟ್ಟಿ ಮಾತ್ರ ಜನವರಿಯಿಂದ ಡಿಸೆಂಬರ್‌ವರೆಗಿನದು. ಷೇರು ಯಾವತ್ತು ಬಂತು, ಆಗ ಎಷ್ಟಿತ್ತು, ವರ್ಷದಲ್ಲಿ ಅತಿ ಹೆಚ್ಚು ಎಷ್ಟಕ್ಕೇರಿತ್ತು, ಕೊನೆಗೆ ಎಷ್ಟಾಯಿತು ಎಲ್ಲ ಬೇಕು. ಅದೂ ಸ್ಟೇಟ್ ಬ್ಯಾಂಕಿನ ಆಯಾ ದಿನದ ದರದಲ್ಲಿ ರೂಪಾಯಿಗೆ ತಿರುಗಿಸಿ. ಮೂರು ತಿಂಗಳಿಗೊಮ್ಮೆ ಷೇರು ಬರುವವನು ಅಷ್ಟೂ ಸಾಲು ತುಂಬುವ ಹೊತ್ತಿಗೆ ಪೋರ್ಟಲ್ ಅವನನ್ನು ಲಾಗೌಟ್ ಮಾಡಿರುತ್ತದೆ. ಜಾತಕ ಕೂಡಿಸುವುದು ಇದಕ್ಕಿಂತ ಸುಲಭ.

ಆದರೂ ಸೋಮಾರಿತನಕ್ಕೆ ಇಲ್ಲಿ ಬೆಲೆ ದುಬಾರಿ. 2015ರ ಕಪ್ಪುಹಣ ಕಾಯ್ದೆಯ ಪ್ರಕಾರ ಹೊರದೇಶದ ಆಸ್ತಿ ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸ್ಥಿರಾಸ್ತಿ ಬಿಟ್ಟು ಉಳಿದದ್ದೆಲ್ಲ ಸೇರಿ 20 ಲಕ್ಷ ಮೀರದಿದ್ದರೆ ಈ ದಂಡವಿಲ್ಲ ಎಂಬ ವಿನಾಯಿತಿ ಬಂದದ್ದು 2024ರ ಅಕ್ಟೋಬರ್‌ನಿಂದ. ದಂಡ ತಪ್ಪಿತೇ ಹೊರತು ಬರೆಯುವುದು ತಪ್ಪಲಿಲ್ಲ.

ಇದೇ ಕಾಯ್ದೆ ಬಂದ ವರ್ಷ ಸರ್ಕಾರ ಮೂರು ತಿಂಗಳು ಬಾಗಿಲು ತೆರೆದಿಟ್ಟು “ಬನ್ನಿ, ಒಪ್ಪಿಕೊಳ್ಳಿ, ತೆರಿಗೆ 30, ದಂಡ 30, ಒಟ್ಟು ನೂರಕ್ಕೆ 60 ಕಟ್ಟಿ ನೆಮ್ಮದಿಯಾಗಿರಿ” ಎಂದಿತ್ತು. ಇಡೀ ದೇಶದಿಂದ ಬಂದ ಘೋಷಣೆಗಳು 648. ಒಂದು ಸಾಧಾರಣ ಮದುವೆಯ ಊಟದ ಪಂಕ್ತಿಯಲ್ಲಿ ಇದಕ್ಕಿಂತ ಹೆಚ್ಚು ಜನ ಕೂತಿರುತ್ತಾರೆ. 2024ರ ನವೆಂಬರ್‌ನಲ್ಲಿ ಇಲಾಖೆ ವರಸೆ ಬದಲಿಸಿತು. ಗದರಲಿಲ್ಲ, ದಾಳಿ ಮಾಡಲಿಲ್ಲ. ಎಸ್ಸೆಮ್ಮೆಸ್ಸು, ಇಮೇಲು ಕಳಿಸಿತು. ನಿಮ್ಮದೇನೋ ಹೊರಗಿದೆಯಂತಲ್ಲ, ರಿಟರ್ನ್ ಒಂದ್ಸಲ ನೋಡಿಕೊಳ್ಳಿ ಎಂಬರ್ಥದ ಮಾತು, ಅಷ್ಟೇ. 24,678 ಮಂದಿ ಓಡೋಡಿ ರಿಟರ್ನ್ ತಿದ್ದಿದರು. ಹೊರಬಿದ್ದ ಆಸ್ತಿ 29,208 ಕೋಟಿ ರೂಪಾಯಿಯದು! ಕಾನೂನಿನ ಗುಡುಗಿಗೆ ಅಲುಗದವರು ಮೊಬೈಲಿನ ‘ಟಿಂಗ್’ ಸದ್ದಿಗೆ ಎದ್ದು ಕೂತರು. “ಎಲ್ಲಾ ಗೊತ್ತಿದೆ, ನೀನೇ ಹೇಳಲಿ ಅಂತ ಕಾಯ್ತಿದೀನಿ” ಎನ್ನುವ ಅಮ್ಮನ ತಂತ್ರ ಯಾವತ್ತೂ ಸೋತಿಲ್ಲವಲ್ಲ.

ನಾವೊಬ್ಬರೇ ಈ ಗೋಳಿನಲ್ಲಿದ್ದೇವೆ ಅಂದುಕೊಳ್ಳಬೇಡಿ. ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಅಪ್ಪ ತಮ್ಮ ಎಫ್‌ಡಿಗೆ, ಇರಲಿ ಅಂತ, ನ್ಯೂಜೆರ್ಸಿಯ ಮಗನ ಹೆಸರನ್ನೂ ಸೇರಿಸಿರುತ್ತಾರೆ. ಅಲ್ಲಿನ ಕಾನೂನಿಗೆ ಅದು ಮಗನ ವಿದೇಶಿ ಖಾತೆ. ಅಂಥವೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅವನು ಅಮೆರಿಕ ಸರ್ಕಾರಕ್ಕೆ ವರದಿ ಕೊಡಬೇಕು.

“ನನ್ನ ಪಿಂಚಣಿ ದುಡ್ಡಿನ ಲೆಕ್ಕ ಕೇಳೋಕೆ ಆ ಅಮೆರಿಕದವನು ಯಾರೋ?”

“ಅಪ್ಪಾ, ಮೆತ್ತಗೆ. ಪಾಸ್‌ಬುಕ್ಕಿನ ಫೋಟೊ ಕಳಿಸಿ ಸಾಕು. ಯಾರಿಗೂ ಹೇಳೋಕೆ ಹೋಗಬೇಡಿ.”

ಅಪ್ಪ ಗೊಣಗುತ್ತಲೇ ಕನ್ನಡಕ ಏರಿಸಿ, ಪುಟ ಪುಟದ ಫೋಟೊ ತೆಗೆದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿಯೂ ಬಿಡುತ್ತಾರೆ: ನೂರಿಪ್ಪತ್ತು ಜನರ ಫ್ಯಾಮಿಲಿ ಗ್ರೂಪಿಗೆ.