ನಾಲ್ಕು ತಂತಿ, ಒಂದೂವರೆ ಕೋಣೆ

ಮುಂಬಯಿಯಲ್ಲಿ ಐವತ್ತು ದಾಟಿದ ಕನ್ನಡಿಗನಿಗೆ ಸಮಾಜ ಮಂಜೂರು ಮಾಡಿರುವ ಹವ್ಯಾಸಗಳು ಕೆಲವಿವೆ. ತಾಳಮದ್ದಳೆಯಲ್ಲಿ ಅರ್ಥ ಹೇಳಬಹುದು. ಭಜನಾ ಮಂಡಳಿಯಲ್ಲಿ ತಾಳ ಹಾಕಬಹುದು. ಸಂಘದ ಚುನಾವಣೆಗೆ ನಿಂತು, ಸೋತು, ಮರುವಾರವೇ ಇನ್ನೊಂದು ಸಂಘ ಕಟ್ಟಬಹುದು. ಮಾತುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ ಹೊರಗೆ ಬಂದು, "ನಮ್ಮ ಕಾಲದ್ದೇ ಬೇರೆ ಬಿಡಿ" ಎನ್ನಬಹುದು. ಬೇಸ್ ಗಿಟಾರ್ ಈ ಪಟ್ಟಿಯಲ್ಲಿಲ್ಲ. ಡೊಂಬಿವಲಿಯ ನಮ್ಮ ಮನೆಗೆ ಅದೊಂದು ಬರಲಿದೆ ಎಂದು ನಾನು ಘೋಷಿಸಿದಾಗ ಹೆಂಡತಿ ರಾಗ, ತಾಳ, ವಯಸ್ಸು ಯಾವುದನ್ನೂ ಎತ್ತಲಿಲ್ಲ. "ಇಡುವುದೆಲ್ಲಿ ಮಾರಾಯ್ರೆ?" ಎಂದಳು.

ಈ ಹುಳ ಬಿಟ್ಟವನು ಚೆಂಬೂರಿನಲ್ಲಿರುವ ತಂಗಿಯ ಮಗ. ಬ್ಯಾಂಕಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಗಿಟಾರ್ ಕಲಿಯಬೇಕೆಂದು ಅವನ ಮುಂದೆ ಬಾಯಿ ಬಿಟ್ಟಿದ್ದೆ. "ಗಿಟಾರ್ ಬೇಡ ಮಾವ, ಬೇಸ್ ತಗೊಳ್ಳಿ. ನಾಲ್ಕೇ ತಂತಿ" ಎಂದ. ಆರರ ಬದಲು ನಾಲ್ಕು ಎಂದರೆ ಮೂರನೇ ಒಂದಂಶ ರಿಯಾಯಿತಿ! ಬ್ಯಾಂಕಿನವನಾಗಿ ನಾನು ಷರತ್ತುಗಳನ್ನು ಓದಬೇಕಿತ್ತಲ್ಲ, ಓದಿದೆ. ಗಿಟಾರಿನ ಸಣ್ಣ ತಂತಿಯ ದಪ್ಪ ಒಂದು ಇಂಚಿನ ನೂರನೇ ಒಂದು ಭಾಗದಷ್ಟಾದರೆ, ಬೇಸ್‌ನ ದಪ್ಪ ತಂತಿ ಅದರ ಹತ್ತು ಪಟ್ಟು. ಕತ್ತಿನ ಮೇಲೆ ಸ್ವರಸ್ವರಕ್ಕೂ ಕೂರಿಸಿದ ಲೋಹದ ಅಡ್ಡಪಟ್ಟಿಯೇ ಫ್ರೆಟ್; ಗಿಟಾರಿನ ಮೊದಲ ಫ್ರೆಟ್ ಕತ್ತಿನ ತುದಿಯಿಂದ ಸುಮಾರು ಒಂದೂವರೆ ಇಂಚು ದೂರದಲ್ಲಿದ್ದರೆ, ಬೇಸ್‌ನದು ಹೆಚ್ಚುಕಡಿಮೆ ಎರಡು ಇಂಚು. ನೋಟು ಎಣಿಸಿ ಪಳಗಿದ ಬೆರಳುಗಳಿಗೆ ಇಷ್ಟಗಲ ಕಾಲು ಚಾಚಿ ಅಭ್ಯಾಸವಿಲ್ಲ.

ಯಾವುದನ್ನು ಕೊಳ್ಳಬೇಕು ಎಂಬುದರ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಗ್ಯಾರೇಜ್ ಇರುವ ದೇಶಗಳಿಂದ ಬಂದವು. ಮುಂಬಯಿಯಲ್ಲಿ ವಾದ್ಯ ಆರಿಸುವ ಅಧಿಕಾರ ಅಳತೆಪಟ್ಟಿಯದು. ಕಿವಿ, ಕೈ, ಕಿಸೆಗಳಿಗೆ ಸಲಹೆ ಕೊಡುವ ಹಕ್ಕಷ್ಟೇ. ಪೂರ್ತಿ ಅಳತೆಯ ಬೇಸ್‌ನಲ್ಲಿ ತಂತಿಯ ಮಿಡಿಯುವ ಭಾಗವೇ 34 ಇಂಚು. ತಲೆಯಿಂದ ಬುಡದ ತನಕ ಅಳೆದರೆ ನಾಲ್ಕಡಿಗೆ ತುಸು ಕಡಿಮೆ. ನಮ್ಮ ಮನೆಯಲ್ಲಿ ಕಬ್ಬಿಣದ ಕಪಾಟಿಗೂ ಕಿಟಕಿಗೂ ನಡುವೆ ಒಂದು ಸಂದಿಯಿದೆ. ಅಲ್ಲಿ ಇಸ್ತ್ರಿ ಮೇಜು ನಿಂತಿರುತ್ತದೆ. ಆ ಮೇಜಿನ ಜೊತೆ ಹೊಂದಿಕೊಂಡು ಬಾಳುವ ವಾದ್ಯವೇ ನನ್ನ ವಾದ್ಯ ಎಂದು ತೀರ್ಮಾನವಾಯಿತು.

ನೋಡಹೋದರೆ ಬೇಸ್ ಗಿಟಾರ್ ಹುಟ್ಟಿದ್ದೇ ಜಾಗದ ತಾಪತ್ರಯದಿಂದ. ಅದಕ್ಕೆ ಮುಂಚೆ ಇದ್ದದ್ದು ಡಬಲ್ ಬೇಸ್, ಆಳೆತ್ತರದ ದೈತ್ಯ ಪಿಟೀಲು. ಅದನ್ನು ಊರಿಂದೂರಿಗೆ ಸಾಗಿಸುವ ಪಾಡು ಒಂದಾದರೆ, ಸಾಗಿಸಿದ ಮೇಲೂ ಡ್ರಮ್ಮು, ಗಿಟಾರುಗಳ ಗದ್ದಲದಲ್ಲಿ ಯಾರಿಗೂ ಕೇಳಿಸದ ಪಾಡು ಇನ್ನೊಂದು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಅದನ್ನು ಹೆಗಲಿಗೆ ನೇತುಹಾಕುವ ಅಳತೆಗಿಳಿಸಿ, ಫ್ರೆಟ್ ಕೂರಿಸಿ, ಇನ್ನು ಸ್ವರ ಜಾರುವುದಿಲ್ಲ ಎಂಬ ಧೈರ್ಯದಲ್ಲಿ ಪ್ರಿಸಿಷನ್ ಬೇಸ್ ಎಂದು ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟ. ಈ ಪುಣ್ಯಾತ್ಮ ಓದಿದ್ದು ಅಕೌಂಟ್ಸ್, ಮಾಡುತ್ತಿದ್ದದ್ದು ರೇಡಿಯೊ ರಿಪೇರಿ, ಗಿಟಾರ್ ನುಡಿಸಲು ಮಾತ್ರ ಅವನಿಗೆ ಕೊನೆತನಕ ಬರಲಿಲ್ಲ. "ಬ್ಯಾಂಕಿನವರಿಗ್ಯಾಕೆ ಸಂಗೀತ?" ಎಂದು ಯಾರಾದರೂ ಕೇಳಿದರೆ ನಾನು ಈಗ ಅವನ ಹೆಸರನ್ನು ಜಾಮೀನು ನಿಲ್ಲಿಸುತ್ತೇನೆ.

ಮುಂಬಯಿಗೂ ಈ ವಾದ್ಯ ಹೊಸತಲ್ಲ. ಆರ್.ಡಿ. ಬರ್ಮನ್ನರ ಹಾಡುಗಳಿಗೆ ನಾವು ಕಾಲು ಕುಣಿಸುತ್ತಿದ್ದಾಗ ಆ ಕಾಲನ್ನು ನಿಜಕ್ಕೂ ಕುಣಿಸುತ್ತಿದ್ದವರು ಟೋನಿ ವಾಝ್‌ರಂಥ ಬೇಸ್ ವಾದಕರು. ಇವತ್ತು ಲೋಕ ಸುತ್ತುತ್ತಿರುವ ಮೋಹಿನಿ ಡೇ ಇದೇ ಊರಿನ ಹುಡುಗಿ. ಅಪ್ಪನೂ ಬೇಸ್ ನುಡಿಸುವವರೇ. ಇನ್ನು ಧೋಬಿ ತಲಾವ್ ಅಂತೂ ಈ ಕಸುಬಿನ ತವರು. ಅಲ್ಲಿನ ವಾದ್ಯಗಳ ಅಂಗಡಿ ಫುರ್ಟಾಡೋಸ್ ಶುರುವಾದದ್ದು 1865ರಲ್ಲಿ. ಅಕ್ಕಪಕ್ಕದ ಗಲ್ಲಿಗಳಲ್ಲಿ ಗೋವಾದ ಒಂದೊಂದು ಹಳ್ಳಿಗೆ ಒಂದೊಂದರಂತೆ ಕೂಡ್ ಎಂಬ ಬಿಡಾರಗಳಿದ್ದವು. ಹಡಗಿನ ಕೆಲಸಕ್ಕೆ ಕಾಯುವವರೂ ಬ್ಯಾಂಡಿನಲ್ಲಿ ಊದುವವರೂ ಅಲ್ಲಿ ಟ್ರಂಕಿಗೆ ಟ್ರಂಕು ತಾಗಿಸಿಕೊಂಡು ಮಲಗುತ್ತಿದ್ದರು. ಅಲ್ಲೇ ರಂಗ್ ಭವನ. ಇಂಡಿಪೆಂಡೆನ್ಸ್ ರಾಕ್ ಎಂಬ ಸಂಗೀತ ಜಾತ್ರೆ ನಡೆಯುತ್ತಿದ್ದ ಬಯಲು ರಂಗಮಂದಿರ. ಪಕ್ಕದಲ್ಲೇ ಕಾಲೇಜು, ಆಸ್ಪತ್ರೆ. ನಿಶ್ಶಬ್ದ ವಲಯದ ಕಾನೂನು ಬಂದು ಅಲ್ಲಿನ ರಾಕ್ ಸದ್ದಡಗಿತು. ಅಷ್ಟು ದೊಡ್ಡವರನ್ನೇ ನೆರೆಹೊರೆ ಬಿಡಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಿಟ್ಟುಕೊಳ್ಳಬಹುದಿತ್ತು.

ನಾನು ಕೊಳ್ಳಲು ಹೋದ ಅಂಗಡಿಯ ಹುಡುಗ ಬಲು ಸಂಭಾವಿತ. "ಅಂಕಲ್, ಬೆರಳಲ್ಲಿ ನುಡಿಸ್ತೀರಾ, ಸ್ಲ್ಯಾಪ್ ಮಾಡ್ತೀರಾ?" ಎಂದು ಹಿಂದಿಯಲ್ಲಿ ಕೇಳಿದ. "ಕಪಾಟಿಗೂ ಕಿಟಕಿಗೂ ನಡುವೆ ಇಡ್ತೇನೆ" ಎಂದು ಅಳತೆಪಟ್ಟಿ ತೆಗೆದೆ. ಅವನಿಗೆ ಇದು ಹೊಸತಲ್ಲವೇನೋ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೊಸಬರಿಗೆಂದು 20 ಸಾವಿರ ರೂಪಾಯಿಯ ಆಸುಪಾಸಿನವನ್ನು ಸಾಲಾಗಿ ತೋರಿಸಿದ: ಯಮಾಹಾ, ಐಬನೇಜ್, ಕೋರ್ಟ್, ಫೆಂಡರ್‌ನ ಕಿರಿಯ ಮನೆತನವಾದ ಸ್ಕ್ವಾಯರ್. ಕೆಲವಕ್ಕೆ ಹೊಟ್ಟೆಯೊಳಗೆ 9 ವೋಲ್ಟಿನ ಬ್ಯಾಟರಿ ಬೇಕು. ನುಡಿಸಿಯಾದ ಮೇಲೆ ವಯರ್ ಕಿತ್ತಿಡಲು ಮರೆತರೆ ಬ್ಯಾಟರಿ ತನ್ನಷ್ಟಕ್ಕೆ ಖಾಲಿಯಾಗುತ್ತದಂತೆ. ಗೀಸರ್ ಆರಿಸಲು ಮರೆಯುವ ನನ್ನ ದಾಖಲೆ ನೋಡಿಕೊಂಡು ಬ್ಯಾಟರಿ ಬೇಡದ್ದನ್ನೇ ಕೇಳಿದೆ.

ಅವನು ಕಲಿಸಿಕೊಟ್ಟ ಪರೀಕ್ಷೆಗಳು ಮಾತ್ರ ಬಂಗಾರದಂಥವು. ವಾದ್ಯದ ಬುಡವನ್ನು ಎದೆಗಿಟ್ಟು, ಒಂದು ಕಣ್ಣು ಮುಚ್ಚಿ, ಕತ್ತಿನುದ್ದಕ್ಕೂ ನೋಡಬೇಕು. ಸೊಟ್ಟ ತಿರುಚಿಕೊಂಡಿದ್ದರೆ ಮುಟ್ಟಬಾರದು. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ. ಒಳಗೊಂದು ಉಕ್ಕಿನ ಸರಳು ಓಡಿರುತ್ತದೆ, ಆಲನ್ ಕೀಯಲ್ಲಿ ತಿರುಗಿಸಿ ಸರಿಮಾಡಬಹುದು. ಕತ್ತಿನ ಅಂಚಿಗೆ ಅಂಗೈ ಸವರಿದರೆ ಫ್ರೆಟ್‌ನ ತುದಿ ಗೀರಬಾರದು. ಪ್ರತಿ ತಂತಿಯನ್ನೂ ಒಂದೊಂದು ಫ್ರೆಟ್‌ನಲ್ಲಿ ಒತ್ತಿ ಮಿಡಿದರೆ ಎಲ್ಲೂ ಜಿರ್ರೆನ್ನಬಾರದು. ಕೊನೆಯದು ಎಲ್ಲಕ್ಕಿಂತ ಮುಖ್ಯ: ಬೆಲ್ಟ್ ಹಾಕಿಕೊಂಡು ನಿಂತು ಎರಡೂ ಕೈ ಬಿಡಬೇಕು. ತಲೆ ಭಾರವಾಗಿ ಕತ್ತು ನೆಲಕ್ಕೆ ಬಾಗಿದರೆ ಆ ವಾದ್ಯ ಜನ್ಮವಿಡೀ ಎಡಭುಜ ಹಿಂಡುತ್ತದೆ. 34 ಇಂಚಿನದು ನನ್ನ ಬೆರಳಿಗೂ ಸಂದಿಗೂ ದೊಡ್ಡದಾಯಿತು. 30 ಇಂಚಿನ ಗಿಡ್ಡ ಬೇಸ್ ಎರಡಕ್ಕೂ ಹಿಡಿಸಿತು. "ಮಕ್ಕಳಿಗಾ?" ಎಂದು ಪಕ್ಕದ ಗಿರಾಕಿಯೊಬ್ಬರು ಕೇಳಿದರು. ಹ್ಞೂಂ ಎಂದೆ. ಅಷ್ಟು ಸುಳ್ಳಿಗೆ ಬಡ್ಡಿ ಬೀಳುವುದಿಲ್ಲ.

ತರುವ ದಿನವನ್ನು ಆರಿಸಿಕೊಟ್ಟದ್ದು ಸೆಂಟ್ರಲ್ ರೈಲ್ವೆ. ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್, ವಾರದ ದಿನ ಸಂಜೆಯೆಂದರೆ ಡೊಂಬಿವಲಿ ಗಾಡಿಯಲ್ಲಿ ನಮ್ಮ ಕೈಕಾಲಿಗೇ ಜಾಗವಿಲ್ಲ. ಹಾಗಾಗಿ ಮಧ್ಯಾಹ್ನ ಸಿಎಸ್‌ಎಂಟಿಯಲ್ಲಿ ಹತ್ತಿದೆ. ಚೀಲವನ್ನು ಮೇಲಿನ ಹಲಗೆಯಲ್ಲಿಡಲು ಭಯ, ಕೆಳಗಿಡಲು ಜಾಗವಿಲ್ಲ. ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತೆ. ಎದುರಿನವರು, "ಗಿಟಾರ್ ಕ್ಯಾ? ಕುಛ್ ಬಜಾವ್ ನಾ" ಎಂದರು. ಬೇಸ್‌ಗೆ ಕರೆಂಟ್ ಬೇಕು, ಇಲ್ಲದಿದ್ದರೆ ಕೇಳಿಸುವುದಿಲ್ಲ, ಕೇಳಿಸಿದರೂ ಅದರಲ್ಲಿ ಹಾಡು ಬರುವುದಿಲ್ಲ, ಬೇರೆಯವರ ಹಾಡಿನ ಅಡಿಯಲ್ಲಿರುವುದಷ್ಟೇ ಅದರ ಕೆಲಸ ಎಂದು ವಿವರಿಸಿದೆ. ಠಾಣೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು.

ಮನೆಯಲ್ಲಿ ಎದುರಾದದ್ದು ಭೌತಶಾಸ್ತ್ರ. ಬೇಸ್‌ನ ನಾಲ್ಕು ತಂತಿಗಳು ಇ, ಎ, ಡಿ, ಜಿ. ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಮುಂದಿನದು ಅದರ ಶುದ್ಧ ಮಧ್ಯಮ. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಶಬ್ದದ ವೇಗವನ್ನು ಅದರಿಂದ ಭಾಗಿಸಿದರೆ ಒಂದೊಂದು ಅಲೆಯ ಉದ್ದ 27 ಅಡಿ ಚಿಲ್ಲರೆ. ನಮ್ಮ ಹಾಲ್ 12 ಅಡಿ. ನನ್ನ ಸ್ವರದ ಒಂದೇ ಒಂದು ಅಲೆಗೆ ನಮ್ಮ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲ! ತೆಳು ಸದ್ದುಗಳನ್ನು ಗೋಡೆ ತಡೆಯುತ್ತದೆ. ಈ ದಪ್ಪ ಸದ್ದಿಗೆ ಗೋಡೆಯೆಂಬ ಮರ್ಯಾದೆಯಿಲ್ಲ.

ಆಂಪ್ಲಿಫೈಯರ್ ಕೊಳ್ಳುವ ಮೊದಲೇ ಮನೆಯಲ್ಲೊಂದು ಇದ್ದದ್ದು ಗೊತ್ತಾಯಿತು. ವಾದ್ಯದ ತಲೆಯನ್ನು ಕಬ್ಬಿಣದ ಕಪಾಟಿನ ಬಾಗಿಲಿಗೆ ತಾಗಿಸಿ ತಂತಿ ಮಿಡಿದು ನೋಡಿ. ಅದುವರೆಗೆ ಗೊಣಗುತ್ತಿದ್ದ ವಾದ್ಯ ಗುಮ್ಮೆನ್ನುತ್ತದೆ. ಬಾಗಿಲಿನ ಇಡೀ ತಗಡು ತಂತಿಯ ಜೊತೆ ನಡುಗುತ್ತದೆ. ನಮ್ಮಲ್ಲಿ ಎರಡನೇ ಖಾನೆಯ ಸ್ಟೀಲ್ ಡಬ್ಬಿಗಳು, ಲಾಕರಿನ ಬಳೆಗಳು ಒಂದೊಂದು ಸ್ವರಕ್ಕೆ ಒಂದೊಂದು ಓಗೊಟ್ಟವು. ಎ ತಂತಿ ಮಿಡಿದರೆ ಬಳೆ, ಡಿ ಮಿಡಿದರೆ ಸಾಸಿವೆ ಡಬ್ಬಿ. "ಕಳ್ಳ ಬಂದರೆ ಹೀಗೇ ಗೊತ್ತಾಗ್ತದೆ, ಒಳ್ಳೆಯದೇ" ಎಂದಳು ಹೆಂಡತಿ. ಅವಳಿಂದ ಬಂದ ಮೊದಲ ಪ್ರೋತ್ಸಾಹ.

ಆಮೇಲೆ ಚೆಂಬೂರಿನ ಆ ಅಳಿಯ ತನ್ನ ಹಳೆಯ ಬೇಸ್ ಆಂಪ್ಲಿಫೈಯರ್ ತಂದುಕೊಟ್ಟ. ಗಿಟಾರಿನದಕ್ಕೆ ಬೇಸ್ ಸಿಕ್ಕಿಸಿ ಜೋರು ಮಾಡಿದರೆ ಸ್ಪೀಕರ್ ಹರಿದೀತು, ಬೇಸ್‌ಗೆಂದೇ ಮಾಡಿದ್ದು ಬೇಕು ಎಂದ. ನಾನು ಅಂದು ಕಲಿಯುತ್ತಿದ್ದದ್ದು ದಪ್ಪ ತಂತಿಯ ಮೂರನೇ ಫ್ರೆಟ್, ಜಿ ಸ್ವರ. ಅದನ್ನೇ ಬಿಡಿಬಿಡಿಯಾಗಿ ನುಡಿಸುತ್ತ ಕೂತೆ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಗದ್ದಲ. ಸೊಸೈಟಿಯ ನೀರಿನ ಪಂಪ್ ಕೆಟ್ಟಿದೆಯೆಂದು ಕೆಳಮನೆಯ ಕಾಕಾ ಸೆಕ್ರೆಟರಿಯನ್ನು ಎಬ್ಬಿಸಿದ್ದರು. ಪ್ಲಂಬರನೂ ಬಂದು ಪಂಪಿನ ಮೇಲೆ ಕೈಯಿಟ್ಟು, "ಬಂದ್ ಹೈ ಸಾಬ್" ಎನ್ನುತ್ತಿದ್ದ. ಕಾಕಾ ಅವರ ಕಿವಿಯನ್ನು ಮೆಚ್ಚಬೇಕು. ಆ ಜಿ ಸ್ವರ 49 ಹರ್ಟ್ಸ್, ನಮ್ಮ ದೇಶದ ಕರೆಂಟು 50. ಮೋಟರು ಗುಂಯ್‌ಗುಡುವುದೂ ಇದೇ ಜಾತಿಯ ಶ್ರುತಿಯಲ್ಲಿ. ನಾನು ಇಳಿದು ಹೋಗಿ ಇದನ್ನೆಲ್ಲ ಅಂಕಿಅಂಶ ಸಮೇತ ನಿವೇದಿಸಿದೆ. ಕಾಕಾ ತಾಳ್ಮೆಯಿಂದ ಕೇಳಿ, "ಅಹೋ ಅಣ್ಣಾ, ಹಾಗಾದರೆ ಆ ಒಂದು ಹರ್ಟ್ಸೂ ಸೇರಿಸಿಬಿಡಿ; ಆಮೇಲೆ ಪಂಪೇ ಅಂದುಕೊಂಡು ಮಲಗ್ತೇನೆ" ಎಂದರು.

ಅಂದಿನಿಂದ ಹೆಡ್‌ಫೋನ್. ಮುಷ್ಟಿಯಲ್ಲಿ ಹಿಡಿಸುವ ಪುಟ್ಟ ಆಂಪ್ಲಿಫೈಯರನ್ನು ವಾದ್ಯಕ್ಕೇ ಚುಚ್ಚಿಕೊಂಡರೆ ಸದ್ದೆಲ್ಲ ನನ್ನ ಕಿವಿಗೆ, ಮನೆಯವರಿಗೆ ಬರೀ ಟಕ್ ಟಕ್. ಮುಂಬಯಿಯ ಹೊಸಬರಿಗೆ ನನ್ನ ಸಲಹೆ ಇಷ್ಟೇ: ವಾದ್ಯ, ವಯರ್, ಅಗಲ ಬೆಲ್ಟ್, ತಲೆಗೆ ಕಚ್ಚಿಸುವ ಟ್ಯೂನರ್, ಹೆಡ್‌ಫೋನ್. ದೊಡ್ಡ ಸ್ಪೀಕರಿನ ದುಡ್ಡನ್ನು ಎಫ್‌ಡಿ ಮಾಡಿ. ಜೂನ್ ಬರುವ ಮೊದಲು ಚಪ್ಪಲಿ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಚೀಲದೊಳಗೆ ಹಾಕಿ. ಮಳೆಗಾಲದಲ್ಲಿ ಇಲ್ಲಿ ತಂತಿಗೂ ತುಕ್ಕು, ಮರದ ಕತ್ತಿಗೂ ಬಾಗುವ ಖಯಾಲಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಮಹಾ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ತುಂಡಾಗುವ ತನಕ ತಂತಿ ಬದಲಾಯಿಸುತ್ತಿರಲಿಲ್ಲವಂತೆ. ಡೊಂಬಿವಲಿಯ ಆಗಸ್ಟ್ ತಿಂಗಳನ್ನು ಅವನು ನೋಡಿರಲಿಲ್ಲ.

ಆದರೆ ಅದೇ ಜೇಮರ್‌ಸನ್ ಬಲಗೈಯ ತೋರುಬೆರಳೊಂದರಿಂದಲೇ ಅಷ್ಟೆಲ್ಲ ನುಡಿಸಿದ ಎಂಬುದು ನನ್ನಂಥವರಿಗೆ ಟಾನಿಕ್. ಕಷ್ಟವಿರುವುದು ಬೆರಳಿನ ಲೆಕ್ಕದಲ್ಲಲ್ಲ. ಮಿಡಿದ ತಂತಿಯನ್ನು ಹೊತ್ತಿಗೆ ಸರಿಯಾಗಿ ಸುಮ್ಮನಾಗಿಸಬೇಕು, ಮಿಡಿಯದ ಮೂರು ತಂತಿಗಳು ಬಾಯಿ ಹಾಕದಂತೆ ಒತ್ತಿ ಹಿಡಿದಿರಬೇಕು. ಬೇಸ್ ಕಲಿಕೆಯಲ್ಲಿ ಅರ್ಧಪಾಲು ಬಾಯಿ ಮುಚ್ಚಿಸುವ ವಿದ್ಯೆ. ಹಾಡಿನಲ್ಲಿ ಬೇಸ್ ಇರುವುದೇ ಲೋಕಲ್ ಗಾಡಿಯ ಚೌಥಿ ಸೀಟಿನವನ ಹಾಗೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂತು, ಒಂದು ಕಾಲನ್ನು ದಾರಿಯಲ್ಲೂರಿ, ಗಾಡಿ ವಾಲಿದಾಗ ಒಳಗಿನ ಮೂವರ ಭಾರವನ್ನೂ ತಡೆಯುತ್ತಾನೆ. ಕಿಟಕಿಯ ಗಾಳಿ ಮಾತ್ರ ಬೇರೆಯವರಿಗೆ.

ಗಾಳಿ ಬೇಡದವರು ಕಡಿಮೆ ಎಂಬುದರಲ್ಲೇ ಗುಟ್ಟಿರುವುದು. ಬೀಟಲ್ಸ್‌ನಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬ್ಯಾಂಡ್ ಬಿಟ್ಟು ಹ್ಯಾಂಬರ್ಗಿನಲ್ಲೇ ಉಳಿದಾಗ ಅವನ ಬೇಸ್‌ಗೆ ಮುಗಿಬಿದ್ದವರಿರಲಿಲ್ಲ. ಬೇರೆ ದಾರಿಯಿಲ್ಲದೆ ಪಾಲ್ ಮೆಕಾರ್ಟ್ನಿ ಹೆಗಲು ಕೊಟ್ಟ. ಚೆಂಬೂರಿನಲ್ಲೂ ಅದೇ ಕಥೆ. ಅಳಿಯನ ಬ್ಯಾಂಡಿಗೆ ಸೇರಲು ಗಿಟಾರಿನವರು ಸಾಲುಗಟ್ಟಿದ್ದಾರೆ, ಹಾಡುವವರಂತೂ ಕಟ್ಟಡಕ್ಕೊಬ್ಬರು. "ಬೇಸ್‌ಗೇ ಜನ ಇಲ್ಲ ಮಾವ, ಗಣೇಶೋತ್ಸವಕ್ಕೆ ನೀವೇ ಬನ್ನಿ" ಎಂದು ಮೊನ್ನೆ ಫೋನ್ ಮಾಡಿದ. ನಾಲ್ಕೇ ತಂತಿ ಎಂಬ ರಿಯಾಯಿತಿಯ ಹಿಂದೆ ಇಂಥದೊಂದು ನೇಮಕಾತಿ ಇತ್ತೆಂದು ಆಗ ಗೊತ್ತಾಯಿತು. "ನನಗೆ ಮೂರು ಸ್ವರ ಬರ್ತದೆ ಮಾರಾಯ" ಎಂದೆ. "ನಮ್ಮ ಹಾಡುಗಳಲ್ಲಿ ಇರೋದೂ ಅಷ್ಟೇ" ಎಂದ. ಮನೆಗೆ, ಪಾರ್ಕಿಂಗಿಗೆ, ಶಾಲೆಗೆ, ಕಡೆಗೆ ಸ್ಮಶಾನಕ್ಕೂ ಸರದಿ ಕಾಯಿಸುವ ಈ ಮಹಾನಗರದಲ್ಲಿ ಡಿಪಾಸಿಟ್ ಇಲ್ಲದೆ, ವಶೀಲಿ ಇಲ್ಲದೆ, ಐವತ್ತು ದಾಟಿದವನಿಗೂ ಖಾಲಿ ಸಿಗುವ ಜಾಗ ಅದೊಂದೇ. ಹೋಗುತ್ತೇನೆ ಎಂದಿದ್ದೇನೆ.