ಸುಗರ್ ಬಂದದಾ?

ನಾಚಿಕೆಗೂ ಅಂಕಪಟ್ಟಿ ಬಂದಿದೆ. 1987ರಲ್ಲಿ ಮನೋವೈದ್ಯ ಮೈಕೆಲ್ ಲೀಬೋವಿಟ್ಸ್ ಮಾಡಿದ ಪಟ್ಟಿಯಲ್ಲಿ ನಾಲ್ಕು ಜನರ ನಡುವಿನ 24 ಸಂದರ್ಭಗಳು. ಪ್ರತಿಯೊಂದಕ್ಕೂ ಭಯ ಎಷ್ಟು, ತಪ್ಪಿಸಿಕೊಳ್ಳುವುದು ಎಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 144. ಎರಡು ವರ್ಷದ ಮೇಲೆ ಹಾರ್ಟ್, ಲಿಯರಿ, ರೆಜೆಸ್ಕಿ ಎಂಬ ಮೂವರು, ನೋಡುವವರು ನಮ್ಮ ಮೈಕಟ್ಟು ತೂಗುತ್ತಾರೆಂಬ ಆತಂಕಕ್ಕೇ 12 ಪ್ರಶ್ನೆ ಮೀಸಲಿಟ್ಟರು. ಜಿಮ್ಮಿಗೆ ಹೋಗಲು ಅಂಜುವವರನ್ನು ಅಳೆಯುವ ಶಾಸ್ತ್ರ ಅಲ್ಲಿಂದ ಬೆಳೆಯಿತು.

ತಪ್ಪಿಸಿಕೊಳ್ಳುವುದರಲ್ಲಿ ಚಾಮರಾಜನಗರಕ್ಕೆ ದೊಡ್ಡ ಅನುಭವವಿದೆ. ಇಲ್ಲಿ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳೇ ಊರು ಬಳಸಿಕೊಂಡು ಓಡಾಡಿದರು. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಊರಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ! ತಪ್ಪಿಸಿಕೊಂಡದ್ದಕ್ಕೆ ಮೂರಕ್ಕೆ ಮೂರು. ಭಯದ ಕಾಲಂನಲ್ಲಿ ಮಾತ್ರ ‘ಕಾರ್ಯಬಾಹುಳ್ಯ’. 2013ರಲ್ಲಿ ಗಾದಿಗೇರಿದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದೂ ಐದು ವರ್ಷ ಪೂರೈಸಿದ ಮೇಲೆ ಆ ಕಾಯಿಲೆ ಕೊಂಚ ಇಳಿಯಿತು.

ಅದೇ ಜಿಲ್ಲೆಯ ಗುಂಡ್ಲುಪೇಟೆಯ ಗೃಹಿಣಿಗೆ ಇನ್ನೂ ಇಳಿದಿಲ್ಲ. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗನ ಹಳೇ ಶೂ ಹಾಕಿ ಆಕೆ ಬೆಳಗಿನ ಕತ್ತಲಲ್ಲೇ ಹೊರಡುತ್ತಾಳೆ. ಟೀ ಅಂಗಡಿಯ ಬೆಂಚು ಅವಳಿಗಿಂತ ಮೊದಲೇ ಎದ್ದಿರುತ್ತದೆ. ‘ಯಾಕವ್ವಾ, ಬಸ್ ತಪ್ಪೋಯ್ತಾ?’ ಮರುದಿನ, ‘ಸುಗರ್ ಬಂದದಾ?’ ಆಮೇಲೆ ಆಕೆ ಖಾಲಿ ಹಾಲಿನ ಕ್ಯಾನು ಹಿಡಿದೇ ವಾಕಿಂಗ್ ಹೋಗುತ್ತಾಳೆ. ಅದೇ ಹೆಂಗಸು ಬರಿಗಾಲಲ್ಲಿ ‘ಉಘೇ ಮಾದಪ್ಪ’ ಎನ್ನುತ್ತ ಬೆಟ್ಟದ ದಾರಿ ಹಿಡಿದರೆ ಅದೇ ಬೆಂಚು ಎದ್ದು ಮಜ್ಜಿಗೆ ಕೊಡುತ್ತದೆ. ಕಾಲೂ ಅದೇ, ಬೆವರೂ ಅದೇ. ಹೆಣ್ಣು ಬೆವರಲು ದೇವರೋ ಡಾಕ್ಟರೋ ರುಜು ಹಾಕಿರಬೇಕು, ಅಷ್ಟೇ.

ಊರು ದಾಟಿದರೆ ಬಂಡೀಪುರ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಂದ್. ಆನೆಗಳು ನಿಶ್ಚಿಂತೆಯಿಂದ ಅಡ್ಡಾಡಲಿ ಎಂದು. ಆನೆಯನ್ನು ಯಾರೂ ‘ಇಷ್ಟು ದಪ್ಪ ಹೆಂಗಾದೆ’ ಎಂದು ಕೇಳುವುದಿಲ್ಲ. ಹೆಂಗಸಿಗೂ ಆನೆಯ ಸೌಕರ್ಯ ಕೊಡಿ ಎಂದು ಮನವಿ ಸಲ್ಲಿಸಿದರೆ ಯಾವ ಇಲಾಖೆಗೆ ಹೋಗುತ್ತದೋ!

ಈ ಅಳತೆಗೋಲುಗಳದ್ದೊಂದು ವಿಚಿತ್ರ: ಪರೀಕ್ಷೆ ಬರೆಯಬೇಕಾದವರು ನಡೆಯುವವರು, ಫಲಿತಾಂಶ ಹೇಳುವವರು ಕೂತವರು. ಬೆಂಚಿಗೂ ಒಂದು ಪಟ್ಟಿ ಬರಲಿ. ಪರರ ಸೊಂಟದ ಮೇಲೆ ಆಸಕ್ತಿ ಎಷ್ಟು? ಸ್ವಂತ ಹೊಟ್ಟೆಯ ಬಗ್ಗೆ ಮರೆವು ಎಷ್ಟು? ಸೊನ್ನೆಯಿಂದ ಮೂರು. ಹೆಚ್ಚು ಅಂಕ ತೆಗೆದವರಿಗೆ ಚಿಕಿತ್ಸೆ: ಟ್ರ್ಯಾಕ್ ಪ್ಯಾಂಟ್ ತೊಟ್ಟು, ಹಾಡುಹಗಲು, ಸಂತೆಯ ದಿನ, ಅದೇ ರಸ್ತೆಯಲ್ಲಿ ಓಟ. ಬೆಂಚಿನ ಮೇಲೆ ಹೆಂಗಸರು ಟೀ ಕುಡಿಯುತ್ತ ಕೂತಿರಲಿ.